ಡೀಸೆಲ್ ಕಾರಿನ ಗಾಳಿದಾರಿ: ಮೂಲರೂಪ ಕೆಡದಂತೆ ಸುಧಾರಿಸುವ ಕ್ರಮ

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವವರಿಗೆ, ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಸಾಗುವವರಿಗೆ, ಕದ್ರಾ ದಾಟಿ ಅಣಶಿಯ ತಿರುವುಗಳನ್ನು ಏರುವವರಿಗೆ ತಮ್ಮ ಹಳೆಯ ಡೀಸೆಲ್ ಕಾರು ಮೊದಲಿನಂತೆ ಎಳೆಯುತ್ತಿಲ್ಲ ಎಂಬುದು ಬೇಗನೆ ಗೊತ್ತಾಗುತ್ತದೆ. ಎರಡನೆಯ ಗೇರಿನಿಂದ ಮೂರಕ್ಕೆ ಹೋದೊಡನೆ ಎಂಜಿನ್ ದಮ್ಮು ಕಟ್ಟುತ್ತದೆ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ತಡವಾಗಿ ಎಚ್ಚರಗೊಳ್ಳುತ್ತದೆ, ಹಿಂದಿನ ಕನ್ನಡಿಯಲ್ಲಿ ಕಪ್ಪು ಹೊಗೆ ಕಾಣುತ್ತದೆ. ಆಗ ಹಲವರಿಗೆ ಮೊದಲು ಹೊಳೆಯುವ ಉಪಾಯವೆಂದರೆ ಕಂಪನಿಯ ಏರ್ ಫಿಲ್ಟರ್ ಬಾಕ್ಸ್ ಕಿತ್ತು, ಬಾನೆಟ್ಟಿನೊಳಗೆ ಬತ್ತಲೆಯಾಗಿ ನಿಲ್ಲುವ ಕೋನ್ ಆಕಾರದ ಫಿಲ್ಟರ್ ಹಾಕಿಸುವುದು. ಉಪ್ಪುಗಾಳಿ, ಚಿರೆಕಲ್ಲಿನ ಕೆಂಪು ಧೂಳು ಮತ್ತು ನಾಲ್ಕು ತಿಂಗಳ ಎಡೆಬಿಡದ ಮಳೆ ಇರುವ ಈ ಕರಾವಳಿಯಲ್ಲಿ ಅದಕ್ಕಿಂತ ಕೆಟ್ಟ ಆಯ್ಕೆ ಇನ್ನೊಂದಿಲ್ಲವೆಂದು ನಾನು ನಂಬುತ್ತೇನೆ. ಕಂಪನಿಯ ಬಾಕ್ಸನ್ನು ಅದರ ಜಾಗದಲ್ಲೇ ಉಳಿಸಿಕೊಂಡು, ಸದ್ದು ಹೆಚ್ಚಿಸದೆ, ಬಾನೆಟ್ ತೆರೆದವರ ಕಣ್ಣಿಗೆ ಯಾವ ಬದಲಾವಣೆಯೂ ಕಾಣದಂತೆ ಗಾಳಿದಾರಿಯನ್ನು, ಅಂದರೆ ಹೊರಗಿನ ಗಾಳಿ ಎಂಜಿನ್ ಸೇರುವ ದಾರಿಯನ್ನು, ಸುಧಾರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಹೊರಗೆ ಕಾಣದ ಸುಧಾರಣೆಯೇ ಎಂಜಿನ್ನಿನ ದೃಷ್ಟಿಯಿಂದಲೂ ಸರಿಯಾದ ಸುಧಾರಣೆ ಎಂಬುದು ಮುಂದಿನ ವಿವರಗಳಿಂದ ಸ್ಪಷ್ಟವಾಗುತ್ತದೆ.

ಇಲ್ಲಿನ ಮಾತುಗಳು ಮುಖ್ಯವಾಗಿ 2020ರ ಏಪ್ರಿಲ್ 1ಕ್ಕೆ ಮೊದಲಿನ, ಅಂದರೆ ಭಾರತ್ ಸ್ಟೇಜ್ ಹೊಗೆ ನಿಯಮಗಳ ಬಿಎಸ್-3 ಮತ್ತು ಬಿಎಸ್-4 ಮಟ್ಟದ, ಟರ್ಬೊ ಹಾಗೂ ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಕೊಡುವ ವ್ಯವಸ್ಥೆ) ಇರುವ ನಾಲ್ಕು ಸಿಲಿಂಡರಿನ ಕಾರುಗಳಿಗೆ ಅನ್ವಯಿಸುತ್ತವೆ. ಬಿಎಸ್-6 ಕಾರುಗಳಲ್ಲಿ ಹೊಗೆಕೊಳವೆಯ ಮಸಿ ಸೋಸುಕ ಮತ್ತು ಹಲವು ಸೆನ್ಸರ್‌ಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಅವುಗಳಲ್ಲಿ ಸ್ವಚ್ಛತೆ ಮತ್ತು ಸೋರಿಕೆಯ ಪರೀಕ್ಷೆಗೆ ಮಾತ್ರ ಸೀಮಿತವಾಗಿರುವುದು ಉತ್ತಮ.

ಎಷ್ಟು ಲಾಭವನ್ನು ನಿರೀಕ್ಷಿಸಬಹುದು

ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಳಿಯ ಬಾಗಿಲು ತೆರೆಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಹಾಗಲ್ಲ. ಅಲ್ಲಿ ಗಾಳಿ ಹೆಚ್ಚುಕಡಿಮೆ ತಡೆಯಿಲ್ಲದೆ ಒಳಗೆ ಹೋಗುತ್ತಿರುತ್ತದೆ, ಶಕ್ತಿಯನ್ನು ನಿರ್ಧರಿಸುವುದು ಇಂಜೆಕ್ಟರ್ ಸಿಂಪಡಿಸುವ ಡೀಸೆಲ್ಲಿನ ಪ್ರಮಾಣ. ಸಾಮಾನ್ಯ ಓಟದಲ್ಲಿ ಡೀಸೆಲ್ ಉರಿಯಲು ಬೇಕಾದುದಕ್ಕಿಂತ ಬಹಳಷ್ಟು ಹೆಚ್ಚು ಗಾಳಿ ಸಿಲಿಂಡರಿನಲ್ಲಿ ಇರುತ್ತದೆ. ಆದ್ದರಿಂದ ಇನ್ನಷ್ಟು ಗಾಳಿ ಕೊಟ್ಟ ಮಾತ್ರಕ್ಕೆ ಕಾರಿಗೆ ಹೊಸ ಬಲ ಬರುವುದಿಲ್ಲ. ಎಂಜಿನ್ನಿನ ಕಂಪ್ಯೂಟರ್ ಮೊದಲಿನಷ್ಟೇ ಡೀಸೆಲ್ ಕೊಡುತ್ತದೆ, ಟರ್ಬೊವಿನ ಒತ್ತಡವನ್ನೂ ತನಗೆ ಬರೆದುಕೊಟ್ಟ ಮಿತಿಯಲ್ಲೇ ಹಿಡಿದಿಡುತ್ತದೆ.

ಗಾಳಿದಾರಿಯ ತಡೆ ಕಷ್ಟ ಕೊಡುವುದು ಎರಡು ಸಂದರ್ಭಗಳಲ್ಲಿ. ಮೊದಲನೆಯದು, ಕಡಿಮೆ ಆರ್‌ಪಿಎಮ್‌ನಲ್ಲಿ ಟರ್ಬೊ ಇನ್ನೂ ವೇಗ ಹಿಡಿಯುತ್ತಿರುವಾಗ. ಆಗ ಹೊಗೆಯ ಮಿತಿಯನ್ನು ಕಾಯಲು ಕಂಪ್ಯೂಟರ್ ಡೀಸೆಲ್ಲನ್ನು ಕಡಿತಗೊಳಿಸುತ್ತದೆ. ಎರಡನೆಯದು, ಪೂರ್ಣ ಭಾರ ಹೊತ್ತು ಏರು ಹತ್ತುವಾಗ; ಆಗ ಟರ್ಬೊ ಅದೇ ಒತ್ತಡವನ್ನು ಕೊಡಲು ಹೆಚ್ಚು ದುಡಿಯಬೇಕಾಗುತ್ತದೆ. ಫಿಲ್ಟರಿನ ತಡೆ 2 ಕಿಲೊಪಾಸ್ಕಲ್ ಹೆಚ್ಚಾದರೆ ಟರ್ಬೊವಿನ ಬಾಯಲ್ಲಿ ಗಾಳಿಯ ಒತ್ತಡ ಶೇಕಡಾ 2ರಷ್ಟು ಇಳಿಯುತ್ತದೆ. ಆ ಕೊರತೆಯನ್ನು ತುಂಬಲು ಟರ್ಬೊ ಇನ್ನಷ್ಟು ಬಿರುಸಾಗಿ ತಿರುಗುತ್ತದೆ, ಹೊಗೆಕೊಳವೆಯ ಕಡೆ ಎದುರೊತ್ತಡ ಏರುತ್ತದೆ, ಗಾಳಿ ಇನ್ನಷ್ಟು ಬಿಸಿಯಾಗುತ್ತದೆ. ಚೆನ್ನಾಗಿರುವ ಹೊಸ ಕಾರಿನಲ್ಲಿ ಗಾಳಿದಾರಿಯನ್ನು ತಿದ್ದಿ ದೊಡ್ಡ ಬದಲಾವಣೆ ಕಾಣುವುದು ಸಾಧ್ಯವಿಲ್ಲ. ಒಂದು ಲಕ್ಷ ಕಿಲೊಮೀಟರ್ ದಾಟಿದ ಕಾರಿನಲ್ಲಿ ಮಾತ್ರ, ಧೂಳು, ಸೋರಿಕೆ, ಮಸಿ ಮತ್ತು ಬಿಸಿಯಿಂದ ಕಳೆದುಹೋದ ಎಳೆತವನ್ನು ಮರಳಿ ಪಡೆದರೆ ಘಟ್ಟದಲ್ಲಿ ಅದು ನಿಜವಾಗಿಯೂ ಅನುಭವಕ್ಕೆ ಬರುತ್ತದೆ.

ನಮ್ಮ ಕರಾವಳಿಯ ಹವೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಗಾಳಿಯ ಉಷ್ಣತೆ ಪ್ರತಿ 3 ಡಿಗ್ರಿ ಏರಿದಂತೆ ಅದರ ಸಾಂದ್ರತೆ ಸುಮಾರು ಶೇಕಡಾ 1ರಷ್ಟು ಇಳಿಯುತ್ತದೆ. ಹೊರಗೆ 30 ಡಿಗ್ರಿ ಇದ್ದು ಬಾನೆಟ್ಟಿನೊಳಗೆ 60 ಡಿಗ್ರಿ ಇದ್ದರೆ, ಒಳಗಿನ ಗಾಳಿಯನ್ನು ಎಳೆದುಕೊಳ್ಳುವ ಎಂಜಿನ್ನಿಗೆ ಅದೇ ಗಾತ್ರದಲ್ಲಿ ಶೇಕಡಾ 9ರಷ್ಟು ಕಡಿಮೆ ಆಮ್ಲಜನಕ ಸಿಗುತ್ತದೆ. ಟರ್ಬೊ ದಾಟಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದರಲ್ಲಿ ಒಂದು ಪಾಲನ್ನು ಸರಿದೂಗಿಸುತ್ತದೆ, ಪೂರ್ತಿಯಾಗಿ ಅಲ್ಲ. ಇದಲ್ಲದೆ 30 ಡಿಗ್ರಿ ಉಷ್ಣತೆಯಲ್ಲಿ ಶೇಕಡಾ 80ರ ತೇವಾಂಶವಿದ್ದರೆ ಗಾಳಿಯಲ್ಲಿ ಶೇಕಡಾ 3ಕ್ಕಿಂತ ತುಸು ಹೆಚ್ಚಿನ ಜಾಗವನ್ನು ನೀರಾವಿಯೇ ಆಕ್ರಮಿಸಿಕೊಂಡಿರುತ್ತದೆ. ಇದು ಉಷ್ಣತೆ 10 ಡಿಗ್ರಿ ಹೆಚ್ಚಾದುದಕ್ಕೆ ಸಮ. ಕಾರವಾರದ ಅದೇ ರಸ್ತೆಯಲ್ಲಿ ಅದೇ ಕಾರು ಮೇ ತಿಂಗಳ ಮಧ್ಯಾಹ್ನಕ್ಕಿಂತ ಜನವರಿಯ ಒಣ ಮುಂಜಾವಿನಲ್ಲಿ ಚುರುಕಾಗಿ ಓಡುವುದಕ್ಕೆ ಇದೇ ಕಾರಣ. ತೇವಾಂಶವನ್ನು ಯಾವ ಫಿಲ್ಟರೂ ಕಡಿಮೆ ಮಾಡಲಾರದು, ಬಾನೆಟ್ಟಿನ ಬಿಸಿಯನ್ನು ಮಾತ್ರ ನಾವು ತಪ್ಪಿಸಬಹುದು. ಬಾನೆಟ್ಟಿನೊಳಗೆ ಬತ್ತಲೆಯಾಗಿ ನಿಲ್ಲುವ ಫಿಲ್ಟರ್ ಎಂಜಿನ್ನಿಗೆ ಕುಡಿಸುವುದು ಅದೇ ಬಿಸಿ ಗಾಳಿಯನ್ನು.

ಮೊದಲು ಅಳತೆ

ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಮೊದಲು ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಬೇಕು. ಕಾರಿನ ಡಯಾಗ್ನೊಸ್ಟಿಕ್ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಆ್ಯಪ್ ಇದ್ದರೆ, ಒಳಬರುವ ಗಾಳಿಯ ಉಷ್ಣತೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಮತ್ತು ಗಾಳಿಯ ಪ್ರಮಾಣ ಈ ಮೂರನ್ನೂ ದಾಖಲಿಸಬಹುದು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಮತಟ್ಟಾದ, ವಾಹನಗಳಿಲ್ಲದ ನೇರ ತುಂಡೊಂದನ್ನು ಆರಿಸಿಕೊಂಡು, ಬೆಳಗಿನ ಹೊತ್ತಿನಲ್ಲಿ, ಮೂರನೆಯ ಗೇರಿನಲ್ಲಿ ಗಂಟೆಗೆ 30ರಿಂದ 70 ಕಿಲೊಮೀಟರಿಗೆ ಏರಲು ಹಿಡಿಯುವ ಸಮಯವನ್ನು ಆ್ಯಪ್‌ನ ದಾಖಲೆಯಿಂದ ಗುರುತಿಸಿಕೊಳ್ಳಿ. ಎರಡೂ ದಿಕ್ಕುಗಳಲ್ಲಿ ಓಡಿಸಿ ಸರಾಸರಿ ತೆಗೆದರೆ ಸಮುದ್ರದ ಗಾಳಿಯ ಪ್ರಭಾವ ಲೆಕ್ಕದಿಂದ ಹೊರಗುಳಿಯುತ್ತದೆ. ಕೆಲಸ ಮುಗಿದ ಮೇಲಿನ ಪರೀಕ್ಷೆಯನ್ನು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಟ್ಯಾಂಕಿನಲ್ಲಿ ಅಷ್ಟೇ ಡೀಸೆಲ್ ಇರುವಾಗ ಮಾಡಬೇಕು.

ತಡೆ ಎಲ್ಲಿದೆ ಎಂಬುದನ್ನು ಕಂಡುಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನ ನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ. ನಳಿಕೆಯನ್ನು ಹಲಗೆಯೊಂದರ ಮೇಲೆ ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ, ಎರಡೂ ತೋಳುಗಳು ಒಂದೊಂದು ಮೀಟರ್ ಎತ್ತರವಿರುವಂತೆ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಬೇಕು. ಒಂದು ತುದಿಯನ್ನು ಫಿಲ್ಟರ್ ಬಾಕ್ಸಿನ ಸ್ವಚ್ಛ ಗಾಳಿಯ ಭಾಗಕ್ಕೆ ಜೋಡಿಸಿ, ಇನ್ನೊಂದನ್ನು ಕಾರಿನೊಳಗೆ ತೆರೆದಿಡಬೇಕು. ಇದಕ್ಕಾಗಿ ಮೂಲ ಮುಚ್ಚಳಕ್ಕೆ ತೂತು ಕೊರೆಯುವುದು ಬೇಡ. ಗುಜರಿಯಲ್ಲಿ ಸಿಗುವ ಅದೇ ಮಾದರಿಯ ಹಳೆಯ ಬಾಕ್ಸಿನ ಮುಚ್ಚಳ ಮತ್ತು ತಳ ಎರಡಕ್ಕೂ ಸಣ್ಣ ನಿಪ್ಪಲ್ ಕೂಡಿಸಿ, ಪರೀಕ್ಷೆಯ ಹೊತ್ತಿಗೆ ಮಾತ್ರ ಅದನ್ನು ಬಳಸಬೇಕು. ಕಿಟಕಿಗಳನ್ನು ಮುಚ್ಚಿ, ಬ್ಲೋವರ್ ನಿಲ್ಲಿಸಿ, ಪಕ್ಕದಲ್ಲಿ ಕುಳಿತವರು ನೀರಿನ ಮಟ್ಟದ ವ್ಯತ್ಯಾಸವನ್ನು ಓದಬೇಕು. ಚಾಲಕ ಅದನ್ನು ನೋಡಲೇಬಾರದು. ನೀರಿನ ಮಟ್ಟದಲ್ಲಿ 10 ಸೆಂಟಿಮೀಟರ್ ವ್ಯತ್ಯಾಸವೆಂದರೆ ಸುಮಾರು 1 ಕಿಲೊಪಾಸ್ಕಲ್. ಭಾರೀ ಲಾರಿಗಳಲ್ಲಿ ಫಿಲ್ಟರ್ ಬದಲಿಸುವ ಕೆಂಪು ಸೂಚಕ ಸಾಮಾನ್ಯವಾಗಿ 63 ಸೆಂಟಿಮೀಟರಿನ ಆಸುಪಾಸಿನಲ್ಲಿ ಎದ್ದು ನಿಲ್ಲುತ್ತದೆ ಎಂಬುದನ್ನು ಹೋಲಿಕೆಗೆ ನೆನಪಿಟ್ಟುಕೊಳ್ಳಬಹುದು. ತಳದ ನಿಪ್ಪಲ್ಲಿನಲ್ಲೂ ಒಮ್ಮೆ ಅಳೆದರೆ ಫಿಲ್ಟರಿಗೆ ಮೊದಲಿನ, ಹೊರಗಿನ ಗಾಳಿ ಬಾಕ್ಸಿಗೆ ಬರುವ ಬಾಯಿಯ ತಡೆ ಎಷ್ಟು, ಫಿಲ್ಟರಿನ ತಡೆ ಎಷ್ಟು ಎಂಬುದು ಬೇರೆಬೇರೆಯಾಗಿ ಗೊತ್ತಾಗುತ್ತದೆ. ಹೆಚ್ಚಿನ ತಡೆ ಬಾಯಿಯಲ್ಲೇ ಇದ್ದರೆ ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ಪ್ರಯೋಜನವಿಲ್ಲ. ಈ ಒಂದು ಅಳತೆ ಮಾಡದೆ ಫಿಲ್ಟರಿಗೆ ಹಣ ಹಾಕುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಬಾಕ್ಸ್ ಮತ್ತು ಫಿಲ್ಟರ್

ಬಾಕ್ಸನ್ನು ಪೂರ್ತಿಯಾಗಿ ಹೊರತೆಗೆದು ಬೆಳಕಿನಲ್ಲಿ ನೋಡಬೇಕು. ಸ್ವಚ್ಛ ಗಾಳಿಯ ಭಾಗದ ಒಳಗೋಡೆಯನ್ನು ಬಿಳಿಯ ಒಣ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ಕೆಂಪು ಹತ್ತಿದರೆ, ಫಿಲ್ಟರನ್ನು ತಪ್ಪಿಸಿಕೊಂಡು ಧೂಳು ಒಳಗೆ ಹೋಗುತ್ತಿದೆ ಎಂದೇ ಅರ್ಥ. ಸಾಮಾನ್ಯವಾಗಿ ಧೂಳಿನ ಗೆರೆ ಒಂದು ಮೂಲೆಯಿಂದ ಬೀಸಣಿಗೆಯಂತೆ ಹರಡಿರುತ್ತದೆ. ಆ ಮೂಲೆಯ ಕ್ಲಿಪ್ಪು ಉಪ್ಪುಗಾಳಿಗೆ ತುಕ್ಕು ಹಿಡಿದು ಸಡಿಲವಾಗಿರುತ್ತದೆ, ಇಲ್ಲವೆ ಮುಚ್ಚಳದ ತುಟಿ ಬಿಸಿಗೆ ಸೊಟ್ಟಗಾಗಿರುತ್ತದೆ, ಇಲ್ಲವೆ ಅಗ್ಗದ ಫಿಲ್ಟರಿನ ರಬ್ಬರ್ ಅಂಚು ಒಂದೆರಡು ಮಿಲಿಮೀಟರ್ ತೆಳುವಾಗಿರುತ್ತದೆ. ಚಿರೆಕಲ್ಲಿನ ಧೂಳಿನ ಅತಿ ಸಣ್ಣ ಕಣಗಳು ಪಿಸ್ಟನ್ ರಿಂಗುಗಳನ್ನೂ ಟರ್ಬೊವಿನ ಅಲ್ಯೂಮಿನಿಯಂ ಚಕ್ರದ ಅಂಚನ್ನೂ ಸವೆಸುತ್ತವೆ. ಸವೆದ ಚಕ್ರಕ್ಕೆ ಯಾವ ಗಾಳಿದಾರಿಯೂ ಬಲ ತುಂಬಲಾರದು. ಕ್ಲಿಪ್ಪುಗಳನ್ನು ಬದಲಿಸಿ, ಮುಚ್ಚಳದ ತುಟಿಯನ್ನು ಸಮ ಮಾಡಿ, ಫಿಲ್ಟರಿನ ಅಂಚಿಗೆ ತೆಳುವಾಗಿ ಸಿಲಿಕಾನ್ ಗ್ರೀಸ್ ಸವರಿದರೆ ಈ ಸೋರಿಕೆ ನಿಲ್ಲುತ್ತದೆ.

ಬಾಕ್ಸಿನ ತಳದಲ್ಲಿ ನೀರು ಹೊರಹೋಗಲು ಒಂದು ಸಣ್ಣ ರಂಧ್ರ, ಕೆಲವು ಕಾರುಗಳಲ್ಲಿ ಅದಕ್ಕೊಂದು ರಬ್ಬರ್ ನಾಲಗೆ ಇರುತ್ತದೆ. ಮಳೆಗಾಲ ಕಳೆದ ಮೇಲೆ ನೋಡಿದರೆ ಅದು ಎಲೆ, ಕೆಸರು, ಸತ್ತ ಹುಳುಗಳಿಂದ ಮುಚ್ಚಿಹೋಗಿರುವುದು ಸಾಮಾನ್ಯ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಗೋದಾಮಿನ ಅಥವಾ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು ಬಾಕ್ಸಿನೊಳಗೆ ಅಡಿಕೆ ಸಿಪ್ಪೆ ತುಂಬಿ ಗೂಡು ಕಟ್ಟಿದ ಇಲಿಗಳ ಕುರುಹನ್ನೂ ಹುಡುಕಬೇಕು. ಗಾಳಿಬಾಯಿಗೆ 8ರಿಂದ 10 ಮಿಲಿಮೀಟರ್ ಕಣ್ಣಿನ ತುಕ್ಕುರಹಿತ ಉಕ್ಕಿನ ಜಾಲರಿ ಕೂಡಿಸಿದರೆ ಇಲಿ ಒಳಹೋಗುವುದಿಲ್ಲ, ಗಾಳಿಗೂ ಹೆಚ್ಚಿನ ಅಡ್ಡಿಯಾಗುವುದಿಲ್ಲ.

ಫಿಲ್ಟರಿನ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಕಂಪನಿ ಸೂಚಿಸಿದ ಮಡಿಕೆ ಕಾಗದದ ಹೊಸ ಫಿಲ್ಟರ್ ಈ ಪ್ರದೇಶಕ್ಕೆ ಸಾಕು ಮಾತ್ರವಲ್ಲ, ಬಹುತೇಕ ಸಂದರ್ಭಗಳಲ್ಲಿ ಅದೇ ಅತ್ಯುತ್ತಮ. ಒಳ್ಳೆಯ ಕಾಗದದ ಫಿಲ್ಟರ್ ಧೂಳಿನ ಶೇಕಡಾ 99ಕ್ಕಿಂತ ಹೆಚ್ಚು ಭಾಗವನ್ನು ತಡೆಯುತ್ತದೆ, ಹೊಸತಿರುವಾಗ ಅದರ ತಡೆಯೂ ಅಲ್ಪ. ಎಣ್ಣೆ ಸವರಿದ ಹತ್ತಿಯ ಫಿಲ್ಟರಿನಲ್ಲಿ ಗಾಳಿ ಸ್ವಲ್ಪ ಸಲೀಸಾಗಿ ಹಾಯುತ್ತದೆಂಬುದು ನಿಜ. ಆದರೆ ತೊಳೆದ ಮೇಲೆ ಎಣ್ಣೆ ಹೆಚ್ಚಾದರೆ ಅದು ಹಾರಿಹೋಗಿ ಗಾಳಿ ಅಳೆಯುವ ಸೆನ್ಸರಿನ ಮೇಲೆ ಕೂರುತ್ತದೆ, ಕಡಿಮೆಯಾದರೆ ಧೂಳು ಒಳಹೋಗುತ್ತದೆ. ತೊಳೆದು ಬಳಸಲೇಬೇಕೆಂಬ ಆಸೆಯಿದ್ದವರು, ಮೂಲ ಬಾಕ್ಸಿನೊಳಗೆ ಸರಿಯಾಗಿ ಕೂರುವ, ಎಣ್ಣೆ ಬೇಡದ ಕೃತಕ ನಾರಿನ ಫಿಲ್ಟರನ್ನು ಆರಿಸಿಕೊಳ್ಳಲಿ. ಏರ್ ಫಿಲ್ಟರ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 5011 ಕ್ರಮದಂತೆ ಪರೀಕ್ಷಿಸಿದ ಫಲಿತಾಂಶವನ್ನು ತಯಾರಕರು ಪೊಟ್ಟಣದ ಮೇಲೆ ಅಥವಾ ಕೈಪಿಡಿಯಲ್ಲಿ ಕೊಟ್ಟಿದ್ದರೆ ಮಾತ್ರ ಕೊಳ್ಳಲಿ. ಕಾಗದದ ಫಿಲ್ಟರ್ ಮಳೆಯಲ್ಲಿ ನೆನೆದರೆ ಉಬ್ಬಿ ತಡೆ ಹೆಚ್ಚುತ್ತದೆ. ಆದ್ದರಿಂದ ಕರಾವಳಿಯಲ್ಲಿ ಬದಲಾವಣೆಗೆ ಕಿಲೊಮೀಟರ್ ಲೆಕ್ಕದೊಂದಿಗೆ ಋತುವಿನ ಲೆಕ್ಕವನ್ನೂ ಸೇರಿಸಿಕೊಂಡು, ಮಳೆಗಾಲ ಮುಗಿದೊಡನೆ ಅಕ್ಟೋಬರಿನಲ್ಲಿ ಹೊಸ ಫಿಲ್ಟರ್ ಹಾಕುವುದು ಯುಕ್ತ.

ಬಾಕ್ಸಿನ ಪಕ್ಕದಲ್ಲಿ ಅಥವಾ ಕೊಳವೆಯ ಮೇಲೆ ಯಾವ ಕೆಲಸವನ್ನೂ ಮಾಡದಂತೆ ಕಾಣುವ ಟೊಳ್ಳು ಡಬ್ಬಿಯೊಂದು ಇರುತ್ತದೆ. ಅದು ಗಾಳಿ ಎಳೆಯುವ ಸದ್ದನ್ನು ನುಂಗುವ ರೆಸೊನೇಟರ್. ಅದನ್ನು ಕಿತ್ತರೆ ಸದ್ದು ಬರುತ್ತದೆ, ಶಕ್ತಿ ಬರುವುದಿಲ್ಲ. ಅದನ್ನು ಇದ್ದಂತೆಯೇ ಬಿಡಿ.

ಗಾಳಿ ಅಳೆಯುವ ಸೆನ್ಸರ್

ಬಾಕ್ಸ್ ದಾಟಿದ ಕೂಡಲೇ ಸಿಗುವ ಏರ್ ಫ್ಲೋ ಸೆನ್ಸರ್ ಇಡೀ ದಾರಿಯಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗ. ಕೊಳವೆಯ ನಡುವಿನ ಬಿಸಿ ಪದರವನ್ನು ಹಾಯುವ ಗಾಳಿ ಎಷ್ಟು ತಣಿಸುತ್ತದೆ ಎಂಬುದರಿಂದ ಅದು ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಈ ಲೆಕ್ಕ ನಿಂತಿರುವುದು ಆ ಕೊಳವೆಯ ವ್ಯಾಸದ ಮೇಲೆ. 60 ಮಿಲಿಮೀಟರಿನ ಕೊಳವೆಯ ಬದಲು 70 ಮಿಲಿಮೀಟರಿನದನ್ನು ಹಾಕಿ ಅದೇ ಸೆನ್ಸರನ್ನು ಕೂರಿಸಿದರೆ ಅಡ್ಡಕೊಯ್ತ ಶೇಕಡಾ 36ರಷ್ಟು ದೊಡ್ಡದಾಗಿ, ಗಾಳಿಯ ವೇಗ ಇಳಿದು, ಸೆನ್ಸರ್ ನಿಜಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ಕಡಿಮೆ ತೋರಿಸುತ್ತದೆ. ಗಾಳಿಯೇ ಇಲ್ಲವೆಂದು ತಿಳಿದ ಕಂಪ್ಯೂಟರ್ ಡೀಸೆಲ್ಲನ್ನು ಕಡಿತಗೊಳಿಸುತ್ತದೆ. ದೊಡ್ಡ ಕೊಳವೆ ಹಾಕಿಸಿದ ಮೇಲೆ ಕಾರು ಮೊದಲಿಗಿಂತ ಮಂದವಾಯಿತೆಂಬ ದೂರಿಗೆ ಬಹಳ ಸಲ ಇದೇ ಕಾರಣ. ಆದ್ದರಿಂದ ಸೆನ್ಸರ್ ಕೂತಿರುವ ಕೊಳವೆಯ ವ್ಯಾಸವನ್ನೂ ಅದರ ಹಿಂದುಮುಂದಿನ ನೇರ ಭಾಗವನ್ನೂ ಯಾವ ಕಾರಣಕ್ಕೂ ಬದಲಿಸಬಾರದು.

ಸೆನ್ಸರನ್ನು ಸ್ವಚ್ಛಗೊಳಿಸಲು ಅದಕ್ಕೆಂದೇ ಮಾರುವ ಸ್ಪ್ರೇ ಮಾತ್ರ ಬಳಸಬೇಕು. ಬ್ಯಾಟರಿ ಸಂಪರ್ಕ ತಪ್ಪಿಸಿ, ಸೆನ್ಸರ್ ಬಿಚ್ಚಿ, ಒಂದು ಅಂಗುಲ ದೂರದಿಂದ ಸಿಂಪಡಿಸಿ, ಮುಟ್ಟದೆ, ಊದದೆ ಅರ್ಧ ಗಂಟೆ ಒಣಗಲು ಬಿಡಬೇಕು. ಪೆಟ್ರೋಲ್, ಕಾರ್ಬ್ಯುರೇಟರ್ ಕ್ಲೀನರ್, ಹತ್ತಿ ಕಡ್ಡಿ, ಪಂಕ್ಚರ್ ಅಂಗಡಿಯ ಗಾಳಿ ಇವು ಯಾವುವೂ ಅದರ ಹತ್ತಿರ ಸುಳಿಯಬಾರದು.

ಗಾಳಿಬಾಯಿ, ಬಿಸಿ ಮತ್ತು ಮಳೆನೀರು

ಅಳತೆಯಲ್ಲಿ ಬಾಯಿಯ ತಡೆ ಹೆಚ್ಚೆಂದು ಕಂಡರೆ ಅದನ್ನು ಸುಧಾರಿಸಲು ಅವಕಾಶವಿದೆ. ರೇಡಿಯೇಟರಿನ ಮೇಲಿನ ಪಟ್ಟಿಯ ಬಳಿಯಿಂದ ಅಥವಾ ಹೆಡ್‌ಲೈಟಿನ ಹಿಂದಿನಿಂದ ಶುರುವಾಗುವ ಪ್ಲಾಸ್ಟಿಕ್ ಕೊಳವೆಯ ಒಳಗೆ ಅಚ್ಚಿನ ಚೂಪು ಅಂಚುಗಳು ಉಳಿದಿರುತ್ತವೆ. ಅವುಗಳನ್ನು ಬ್ಲೇಡಿನಿಂದ ಹೆರೆದು, ಸಣ್ಣ ಉಜ್ಜುಕಾಗದದಿಂದ ನಯಗೊಳಿಸಿ, ಬಾಯಿಯ ತುದಿಯನ್ನು ಒಳಮುಖವಾಗಿ ದುಂಡಗೆ ಮಾಡಬೇಕು. ಚೂಪು ಅಂಚಿನ ಬಾಯಿಗಿಂತ ದುಂಡಗಿನ ಬಾಯಿಯಲ್ಲಿ ಗಾಳಿ ಸುಲಭವಾಗಿ ತಿರುಗಿ ಒಳಗೆ ಬರುತ್ತದೆ. ನಂತರ ಒಂದು ಚೂರೂ ಪುಡಿ ಉಳಿಯದಂತೆ ತೊಳೆದು ಒಣಗಿಸಬೇಕು. ಬಾನೆಟ್ ಮತ್ತು ರೇಡಿಯೇಟರ್ ಪಟ್ಟಿಯ ನಡುವಿನ ರಬ್ಬರ್ ಅಂಚು ಹರಿದಿದ್ದರೆ ರೇಡಿಯೇಟರ್ ದಾಟಿದ ಬಿಸಿ ಗಾಳಿ ಮುಂದಕ್ಕೆ ಮರಳಿ ಬಾಯಿಗೆ ಸೇರುತ್ತದೆ. ಆ ರಬ್ಬರನ್ನು ಹೊಸದಾಗಿಸುವುದು ಅತಿ ಕಡಿಮೆ ಖರ್ಚಿನ ಒಳ್ಳೆಯ ಸುಧಾರಣೆ. ಎಂಜಿನ್ನಿನ ಕಡೆಗೆ ಮುಖ ಮಾಡಿರುವ ಬಾಕ್ಸಿನ ಮಗ್ಗುಲಿಗೆ ಮತ್ತು ತಳಕ್ಕೆ ಅಲ್ಯೂಮಿನಿಯಂ ಮುಖದ ಶಾಖನಿರೋಧಕ ಹಾಳೆಯನ್ನು ಅಂಟಿಸಿದರೆ ನಿಧಾನವಾಗಿ ಘಟ್ಟ ಏರುವಾಗ ಗಾಳಿಯ ಉಷ್ಣತೆ ಏರುವುದು ತಡವಾಗುತ್ತದೆ. ಮೇಲಿನಿಂದ ನೋಡಿದವರಿಗೆ ಅದು ಕಾಣುವುದಿಲ್ಲ.

ಬಾಯಿಯನ್ನು ತಣ್ಣನೆಯ ಗಾಳಿಯ ಆಸೆಯಿಂದ ಕೆಳಕ್ಕೆ, ಬಂಪರಿನ ಅಥವಾ ಮಡ್‌ಗಾರ್ಡಿನ ಒಳಕ್ಕೆ ಇಳಿಸುವುದನ್ನು ಮಾತ್ರ ಎಂದಿಗೂ ಮಾಡಬಾರದು. ಇದನ್ನು ಒತ್ತಿ ಹೇಳುವುದಕ್ಕೆ ಲೆಕ್ಕದ ಆಧಾರವಿದೆ. 1,248 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಪಾಲು 312 ಸಿಸಿ. ಸಂಕೋಚನದ ಅನುಪಾತ 17.5ರಿಂದ 18 ಇರುವಾಗ ಪಿಸ್ಟನ್ ಪೂರ್ತಿ ಮೇಲಕ್ಕೆ ಬಂದಾಗ ಉಳಿಯುವ ಜಾಗ 18ರಿಂದ 19 ಮಿಲಿಲೀಟರ್ ಮಾತ್ರ, ಅಂದರೆ ನಾಲ್ಕು ಚಹಾ ಚಮಚದಷ್ಟು. ಅದಕ್ಕಿಂತ ಹೆಚ್ಚು ನೀರು ಒಂದೇ ಒಂದು ಸಿಲಿಂಡರಿಗೆ ಹೋದರೂ, ನೀರು ಕುಗ್ಗುವುದಿಲ್ಲವಾದ್ದರಿಂದ, ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿಯುತ್ತದೆ. ಇದೇ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ, ಟರ್ಬೊವಿನ ಪಾಲನ್ನು ಬಿಟ್ಟರೂ, ನಿಮಿಷಕ್ಕೆ ಸುಮಾರು 2,500 ಲೀಟರ್ ಗಾಳಿಯನ್ನು ಎಳೆಯುತ್ತದೆ. ಅಷ್ಟು ಬಲವಾದ ಎಳೆತದ ಬಾಯಿಯನ್ನು ನೀರಿನ ಮಟ್ಟಕ್ಕೆ ಹತ್ತಿರ ಇಡುವುದು ಕಾರನ್ನೇ ಪಣಕ್ಕಿಟ್ಟಂತೆ. ಜೂನ್, ಜುಲೈ ತಿಂಗಳಲ್ಲಿ ಹೆದ್ದಾರಿಯ ತಗ್ಗುಗಳಲ್ಲಿ ನೀರು ನಿಂತಾಗ ಎದುರಿನ ಬಸ್ಸೊಂದು ಎಬ್ಬಿಸುವ ಅಲೆ ಬಂಪರನ್ನು ಸುಲಭವಾಗಿ ಮುಳುಗಿಸುತ್ತದೆ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸದೆ ಎಳೆಸಿಕೊಂಡು ಹೋಗಬೇಕು. ಸಾಮಾನ್ಯ ವಿಮೆಯಲ್ಲಿ ಇಂತಹ ಹಾನಿ ಹೆಚ್ಚಾಗಿ ಸೇರಿರುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ಈ ಭಾಗದವರು ಪರಿಗಣಿಸುವುದು ಒಳ್ಳೆಯದು.

ಟರ್ಬೊ ಮತ್ತು ಅದರಾಚೆ

ಸೆನ್ಸರಿನಿಂದ ಟರ್ಬೊವಿಗೆ ಹೋಗುವ ಹೋಸು ಹಳೆಯದಾದಂತೆ ಮೆತ್ತಗಾಗಿ, ಪೂರ್ಣ ಎಳೆತದಲ್ಲಿ ಒಳಕ್ಕೆ ಕುಸಿಯುತ್ತದೆ. ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಇದು ತಿಳಿಯುವುದಿಲ್ಲ, ಕೈಯಿಂದ ಹಿಚುಕಿ ನೋಡಬೇಕು. ಬದಲಿಗೆ ಹಾಕುವುದು ಕಂಪನಿಯದೇ ಹೋಸು ಆಗಿದ್ದರೆ ಚಿಂತೆಯಿಲ್ಲ. ಸಿಲಿಕಾನ್ ಹೋಸು ಹಾಕುವುದಾದರೆ ಒಳಗೆ ತಂತಿಯ ಸುರುಳಿ ಇರಬೇಕು, ಜೊತೆಗೆ ಎಣ್ಣೆ ತಾಳುವ ಫ್ಲೋರೋಸಿಲಿಕಾನ್ ಒಳಪದರವೂ ಇರಬೇಕು. ಎಂಜಿನ್ನಿನ ಒಡಲಿನ ಆವಿಯನ್ನು ಗಾಳಿದಾರಿಗೆ ಮರಳಿಸುವ ಬ್ರೀದರ್ ಪೈಪಿನಿಂದ ಬರುವ ಎಣ್ಣೆಯ ತೇವಕ್ಕೆ ಬರಿಯ ಸಿಲಿಕಾನ್ ಬೆವರಿ ಹಾಳಾಗುತ್ತದೆ. ಕಪ್ಪು ಬಣ್ಣದ್ದನ್ನೇ ಆರಿಸಿಕೊಂಡರೆ ಮೂಲದ ಹೋಸಿನಿಂದ ಬೇರೆಯಾಗಿ ಕಾಣುವುದಿಲ್ಲ. ಹೋಸ್ ಕ್ಲಿಪ್ಪುಗಳು ತುಕ್ಕುರಹಿತ ಉಕ್ಕಿನವಾಗಿರಲಿ.

ಟರ್ಬೊವಿನಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಮ್ಯಾನಿಫೋಲ್ಡಿಗೆ ಹೋಗುವ ದಾರಿಯಲ್ಲಿನ ಸೋರಿಕೆ ಡೀಸೆಲ್ ಕಾರಿನ ಎಳೆತ ಕಡಿಮೆಯಾಗಲು ಅತಿ ಸಾಮಾನ್ಯ ಕಾರಣಗಳಲ್ಲಿ ಒಂದು. ಸೆನ್ಸರ್ ಅಳೆದ ಗಾಳಿ ಎಂಜಿನ್ ತಲುಪದೆ ಹೊರಗೆ ಹೋಗುತ್ತದೆ, ಅದನ್ನು ನಂಬಿ ಕೊಟ್ಟ ಡೀಸೆಲ್ ಹೊಗೆಯಾಗುತ್ತದೆ. ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಟರ್ಬೊವಿನ ಬಾಯಿಯ ಹೋಸಿಗೆ ಸರಿಯಾಗಿ ಕೂರುವ ಪಿವಿಸಿ ಎಂಡ್ ಕ್ಯಾಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟಯರಿನ ವಾಲ್ವ್ ಕೂರಿಸಿ, ಹೋಸಿಗೆ ತುರುಕಿ ಕ್ಲಿಪ್ ಬಿಗಿಯಬೇಕು. ಬ್ರೀದರ್ ಪೈಪು ಈ ಭಾಗಕ್ಕೆ ಸೇರುವುದಾದರೆ ಅದನ್ನು ಕಳಚಿ, ಆ ಜಾಗವನ್ನು ಮುಚ್ಚಲೇಬೇಕು. ಇಲ್ಲವಾದರೆ ಒತ್ತಡ ಎಂಜಿನ್ನಿನ ಒಡಲಿಗೆ ನುಗ್ಗಿ ಆಯಿಲ್ ಸೀಲುಗಳನ್ನು ಕೆಡಿಸುತ್ತದೆ. ಎಂಜಿನ್ ನಿಂತಿರುವಾಗ ಕಾಲಿನ ಪಂಪಿನಿಂದ 10 ಪಿಎಸ್ಐ ಮೀರದಂತೆ ಗಾಳಿ ತುಂಬಿ, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಬೇಕು. ಮುಖವನ್ನು ಎಂಡ್ ಕ್ಯಾಪಿನ ನೇರಕ್ಕೆ ತರಬಾರದು. ಸ್ವಲ್ಪ ಗಾಳಿ ತೆರೆದ ವಾಲ್ವುಗಳ ಮೂಲಕ ಇಳಿಯುವುದು ಸಹಜ. ಹೋಸಿನ ಕೆಳಮಗ್ಗುಲಲ್ಲಿ, ಇಂಟರ್‌ಕೂಲರಿನ ಪ್ಲಾಸ್ಟಿಕ್ ಅಂಚಿನಲ್ಲಿ ಏಳುವ ಗುಳ್ಳೆಗಳೇ ನಾವು ಹುಡುಕುವ ಸೋರಿಕೆ. ಎಣ್ಣೆ ಮೆತ್ತಿ ಕಪ್ಪಾದ ಜೋಡಣೆಯನ್ನು ಮೊದಲು ಶಂಕಿಸಿ.

ಇಂಟರ್‌ಕೂಲರಿನ ಒಳಗೆ ತೆಳುವಾದ ಎಣ್ಣೆಯ ಲೇಪ ಇರುವುದು ಸಾಮಾನ್ಯ, ತಳದಲ್ಲಿ ಎಣ್ಣೆ ನಿಂತಿರುವುದು ಸಾಮಾನ್ಯವಲ್ಲ. ಟರ್ಬೊವಿನ ಸೀಲು ಹೋಗಿದ್ದರೆ ಎಂಜಿನ್ ಆ ಎಣ್ಣೆಯನ್ನೇ ಇಂಧನವಾಗಿ ಎಳೆದುಕೊಂಡು ಹಿಡಿತ ತಪ್ಪಿ ಓಡುವ ಅಪಾಯವಿದೆ. ಅಂತಹ ಕಾರಿನಲ್ಲಿ ಬೇರೆಲ್ಲ ಕೆಲಸವನ್ನು ಬದಿಗಿಟ್ಟು ಮೊದಲು ಟರ್ಬೊವನ್ನು ಪರೀಕ್ಷಿಸಬೇಕು.

ದಾರಿಯ ಕೊನೆಯಲ್ಲಿರುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕಡೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನಿಂದ ಮರಳುವ ಮಸಿ ಬ್ರೀದರಿನ ಎಣ್ಣೆಯೊಂದಿಗೆ ಬೆರೆತು ಅಲ್ಲಿ ಡಾಂಬರಿನಂತೆ ಗಟ್ಟಿಯಾಗುತ್ತದೆ, ವರ್ಷಗಳು ಕಳೆದಂತೆ ದಾರಿಯ ಅಗಲವನ್ನೇ ಕಿರಿದಾಗಿಸುತ್ತದೆ. ಹಳೆಯ ಕಾರಿನಲ್ಲಿ ಇದನ್ನು ತೆಗೆಯುವುದರಿಂದ ಸಿಗುವಷ್ಟು ಲಾಭ ಯಾವ ಫಿಲ್ಟರಿನಿಂದಲೂ ಸಿಗದು. ಮ್ಯಾನಿಫೋಲ್ಡನ್ನು ಬಿಚ್ಚಿ, ಡಿಗ್ರೀಸರಿನಲ್ಲಿ ನೆನೆಸಿ, ಮೃದುವಾದ ಬ್ರಷ್ಷಿನಿಂದ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಬೇಕು. ಬಿಚ್ಚಿದ ಮೇಲೆ ಸಿಲಿಂಡರ್ ಹೆಡ್ಡಿನ ತೆರೆದ ಬಾಯಿಗಳನ್ನು ಸ್ವಚ್ಛ ಬಟ್ಟೆಯಿಂದ ಮುಚ್ಚಿಡಬೇಕು. ಇದು ಅನುಭವವಿರುವ ಮೆಕ್ಯಾನಿಕ್ ಮಾಡಬೇಕಾದ ಕೆಲಸ. ಓಡುತ್ತಿರುವ ಎಂಜಿನ್ನಿನ ಬಾಯಿಗೆ ರಾಸಾಯನಿಕ ಸಿಂಪಡಿಸಿ ಮಸಿ ಕರಗಿಸುವ ಅಡ್ಡದಾರಿ ಬೇಡ. ಕಳಚಿದ ಮಸಿಯ ತುಂಡುಗಳು ವಾಲ್ವುಗಳಿಗೂ ಟರ್ಬೊವಿಗೂ ಪೆಟ್ಟು ಕೊಡಬಲ್ಲವು. ಇಜಿಆರ್ ದಾರಿಗೆ ತಗಡು ಹಾಕಿ ಮುಚ್ಚುವುದನ್ನು ಕೂಡ ನಾನು ಸಮರ್ಥಿಸುವುದಿಲ್ಲ. ಅದರಿಂದ ನೈಟ್ರೋಜನ್ ಆಕ್ಸೈಡುಗಳ ಹೊರಸೂಸುವಿಕೆ ಏರುತ್ತದೆ. ಅದು ಕಾನೂನಿಗೂ ವಿರುದ್ಧ.

ಕಾನೂನಿನ ಮಿತಿ

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ಹಾಗೂ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಕಲಮು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಹೊರಗೆ ಕಾಣದಂತೆ ಮಾಡಿದರೆ ಕಾನೂನು ಅನ್ವಯಿಸುವುದಿಲ್ಲವೆಂದು ಯಾರೂ ಭಾವಿಸಬಾರದು. ಮೂಲ ಭಾಗಗಳನ್ನು ಸ್ವಚ್ಛಗೊಳಿಸುವುದು, ಸೋರಿಕೆ ನಿಲ್ಲಿಸುವುದು, ಅದೇ ಅಳತೆಯ ಫಿಲ್ಟರ್ ಮತ್ತು ಹೋಸು ಹಾಕುವುದು ದುರಸ್ತಿಯ ವ್ಯಾಪ್ತಿಗೆ ಸೇರಿದ ಕೆಲಸಗಳು. ಗಾಳಿಬಾಯಿಯ ಅಂಚು ತಿದ್ದುವುದು, ಶಾಖನಿರೋಧಕ ಹಾಳೆ ಅಂಟಿಸುವುದು, ಮೂಲದ್ದಲ್ಲದ ಭಾಗ ಹಾಕುವುದು ಇಂಥವುಗಳ ಬಗ್ಗೆ ಸಂದೇಹವಿದ್ದವರು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಾರಂಟಿ ಅಥವಾ ವಿಮೆ ಚಾಲ್ತಿಯಲ್ಲಿದ್ದರೆ ಆ ಕಂಪನಿಗಳಿಗೂ ತಿಳಿಸಿ ಮುಂದುವರಿಯಬೇಕು.

ಕೆಲಸ ಮುಗಿದ ಮೇಲೆ

ಹೊಗೆ ತಪಾಸಣೆಯ ಚೀಟಿಯನ್ನು ಬರಿಯ ಕಾಗದವೆಂದು ಎಸೆಯದೆ ಉಳಿಸಿಕೊಳ್ಳಬೇಕು. ಡೀಸೆಲ್ ವಾಹನಕ್ಕೆ ಬಿಎಸ್-4 ಆದರೆ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ), ಅದಕ್ಕೂ ಹಿಂದಿನದಾದರೆ 65 ಎಚ್‌ಎಸ್‌ಯು ಮಿತಿ. ಕೆಲಸಕ್ಕೆ ಮೊದಲು ಮತ್ತು ನಂತರ ಒಂದೇ ಕೇಂದ್ರದಲ್ಲಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ತಪಾಸಣೆ ಮಾಡಿಸಿ ಎರಡು ಅಂಕಿಗಳನ್ನು ಹೋಲಿಸಿದರೆ, ಗಾಳಿ ನಿಜವಾಗಿಯೂ ಸಿಲಿಂಡರನ್ನು ತಲುಪುತ್ತಿದೆಯೇ ಎಂಬುದಕ್ಕೆ ಚಾಲಕನ ಅನಿಸಿಕೆಗಿಂತ ಗಟ್ಟಿಯಾದ ಸಾಕ್ಷಿ ಸಿಗುತ್ತದೆ. ಹೊಗೆ ಇಳಿದಿದ್ದು, ಹೆದ್ದಾರಿಯ ಸಮಯವೂ ಸುಧಾರಿಸಿದ್ದರೆ ಕೆಲಸ ಸರಿಯಾಗಿದೆ. ಹೊಗೆ ಇಳಿದೂ ಸಮಯ ಹಾಗೆಯೇ ಉಳಿದಿದ್ದರೆ ಕ್ಲಚ್, ಡೀಸೆಲ್ ಫಿಲ್ಟರ್, ಬ್ರೇಕ್ ಹಿಡಿತ ಇವುಗಳ ಕಡೆ ನೋಡಬೇಕು. ಹೊಗೆ ಇಳಿಯದೇ ಇದ್ದರೆ ಇಂಜೆಕ್ಟರುಗಳ ಪರೀಕ್ಷೆ ಆಗಬೇಕು. ಅದು ಗಾಳಿದಾರಿಯಿಂದ ಬಗೆಹರಿಯುವ ಸಮಸ್ಯೆಯಲ್ಲ.

ಹೊಸ ಹೋಸುಗಳು ಮೊದಲ ಬಿಸಿಗೆ ಕುಗ್ಗಿ ಕೂರುವುದರಿಂದ, ಮೊದಲ ಸಲ ಘಟ್ಟ ಹತ್ತಿಳಿದ ಮರುದಿನ ಎಂಜಿನ್ ತಣ್ಣಗಿರುವಾಗ ಎಲ್ಲ ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಬಾಕ್ಸಿನ ತಳದ ರಂಧ್ರ ಮತ್ತು ಬಾಯಿಯ ಜಾಲರಿಯನ್ನು ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಒಮ್ಮೆ ತೆರೆದು ನೋಡಿ ಸ್ವಚ್ಛಗೊಳಿಸಬೇಕು.